ನಲವತ್ತು ಫೋಟೊ, ಹತ್ತು ಕುರಿ

"ಕುರಿ ಕಾಯಾಂವ ಕುರಿ ಕಾಯ್ಬೇಕು ಮಾಮಾ. ಕೋರ್ಟಿನ್ಯಾಗ ನಿಂತು ಜಜ್ಜಸಾಹೇಬ್ರಿಗೆ ಕುರಿ ಪಾಠ ಹೇಳು ಅಂತ ನಿನಗ ಯಾರು ಹೇಳಿದ್ರು?"

"ಅವ್ರು ಕೇಳಿದ್ರು, ನಾ ಹೇಳಿದೆ. ನಿನ್ನ ಸಾಹೇಬ ಹತ್ತು ಕುರಿ ತಂದು ನಲವತ್ತು ಮಂದಿಗೆ ಹಂಚಿದ್ದು ನನ್ನ ತಪ್ಪೇನಲೇ?"

"ತಪ್ಪು ನಿಂದ. ನಿನ್ನ ಬಾಯಿಗೆ ಸಾಹೇಬ್ರ ಪೆನ್ಶನ್ ಹ್ವಾತು."

"ಹೋದ್ರ ಹೋಗ್ಲಿ. ನಾ ಏನ್ ಅದನ್ನ ಉಂಡೇನೇನು?"

ಅಮರೇಶ ಕೈಯಲ್ಲಿದ್ದ ಫೋನನ್ನು ಸಿಟ್ಟಿನಿಂದ ಕಟ್ಟೆಯ ಮೇಲೆ ಕುಕ್ಕಿದ. ಕುಕ್ಕಿದ ಮೇಲೆ ಗಾಜು ಒಡೆದಿದೆಯೋ ಏನೋ ಎಂದು ತಿರುಗಿಸಿ ನೋಡಿ, ಅಂಗಿಗೆ ಒರೆಸಿ ಕಿಸೆಗೆ ಇಟ್ಟುಕೊಂಡ. ಅಷ್ಟರಲ್ಲಿ ಅವನ ಅಕ್ಕ ಹನಮವ್ವ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಗಂಡನಿಗೂ ಬೈದಳು, ತಮ್ಮನಿಗೂ ಬೈದಳು. ಓಣಿಯ ಮಂದಿ ನಿಂತು ನೋಡುತ್ತಿದ್ದಾರೆ, ಒಳಗೆ ಬಂದು ಬಡಿದಾಡಿರಿ ಎಂದಳು. ಇಬ್ಬರೂ ಒಳಗೆ ಹೋಗಲಿಲ್ಲ. ದೊಡ್ಡಿಯಲ್ಲಿದ್ದ ಕುರಿಗಳು ಮೇಯಲು ಬಿಡುವ ಹೊತ್ತು ಮೀರಿತೆಂದು ಒಂದೇ ಸಮನೆ ಕೂಗುತ್ತಿದ್ದವು.

ಇದು ಅಮೀನಗಡದಿಂದ ಆರು ಕಿಲೊಮೀಟರ್ ಒಳಗಿರುವ ಹಳ್ಳಿ. ಹನಮವ್ವನ ಗಂಡ ಅಮಸಿದ್ದಪ್ಪನಿಗೆ ಐವತ್ತೆಂಟು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ಹೆಂಡತಿಯ ತಮ್ಮ ಅಮರೇಶನಿಗೆ ಇಂಥದ್ದೇ ಕೆಲಸ ಎಂದು ಇಲ್ಲ. ಮಾಜಿ ಶಾಸಕ ಹುಲ್ಲಪ್ಪ ಸಾಹೇಬರ ಕಾರಿನ ಬಾಗಿಲು ತೆಗೆಯುವುದು, ಅವರು ಭಾಷಣ ಮಾಡುವಾಗ ಹಿಂದೆ ನಿಂತು ತಲೆ ಆಡಿಸುವುದು, ಅವರು ಮರೆತ ಹೆಸರುಗಳನ್ನು ಕಿವಿಯಲ್ಲಿ ಹೇಳುವುದು. ಹದಿಮೂರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದಾನೆ. ಸಾಹೇಬರು ಎಲ್ಲರ ಹೆಸರನ್ನೂ ಮರೆಯುವುದರಿಂದ ಅವನಿಗೆ ಬಿಡುವೇ ಇಲ್ಲ.

ಸಾಹೇಬರು ಐದು ವರ್ಷ ಶಾಸಕರಾಗಿದ್ದಾಗ ಬಡ ಕುರಿಗಾರರಿಗೆ ಕುರಿ ಕೊಡುವ ಒಂದು ಸ್ಕೀಮು ಬಂದಿತ್ತು. ನಲವತ್ತು ಕುಟುಂಬ, ತಲಾ ಹತ್ತು ಕುರಿ. ನಾನೂರು ಕುರಿಯ ದುಡ್ಡು ಬಂತು, ಕುರಿ ಬರಲಿಲ್ಲ. ಬಂದದ್ದು ಹತ್ತೇ ಕುರಿ. ಅವೂ ಚೊಳಚಗುಡ್ಡದ ಬೀರೇಶನ ಹಿಂಡಿನವು, ಎರಡು ದಿನದ ಬಾಡಿಗೆಗೆ ತಂದವು. ಅವನ್ನು ಒಂದು ಟೆಂಪೊದಲ್ಲಿ ಹೇರಿಕೊಂಡು ಊರೂರಿಗೆ ಒಯ್ದು, ಪ್ರತಿ ಊರಿನಲ್ಲೂ ಫಲಾನುಭವಿಯನ್ನು ಅವುಗಳ ಹಿಂದೆ ನಿಲ್ಲಿಸಿ ಫೋಟೊ ತೆಗೆದರು. ಐದು ವರ್ಷದಲ್ಲಿ ಸಾಹೇಬರು ಸುತ್ತಿದ್ದಕ್ಕಿಂತ ಹೆಚ್ಚು ಕ್ಷೇತ್ರವನ್ನು ಆ ಕುರಿಗಳು ಎರಡು ದಿನದಲ್ಲಿ ಸುತ್ತಿದವು. ಮೊದಲನೆಯ ಫೋಟೊ ಅಮಸಿದ್ದಪ್ಪನದು. ಅವನಿಗೆ ಒಂದು ಟವೆಲ್ಲು ಹೊದಿಸಿ, ಕುರಿ ನಾಳೆ ಬರುತ್ತವೆ ಎಂದು ಹೇಳಿ ಟೆಂಪೊ ಮುಂದೆ ಹೋಯಿತು. ಅವನು ನಾಲ್ಕು ದಿನ ದೊಡ್ಡಿಗೆ ಹೊಸ ಮುಳ್ಳಿನ ಬೇಲಿ ಕಟ್ಟಿಕೊಂಡು ಕಾದ.

ಯಾರೋ ಅರ್ಜಿ ಹಾಕಿದರು, ಕೇಸಾಯಿತು. ಕೇಸು ಬೆಂಗಳೂರಿನ ಕೋರ್ಟಿಗೆ ಹೋಯಿತು. ಸಾಹೇಬರ ವಕೀಲರು ಫಲಾನುಭವಿಗಳನ್ನೇ ಸಾಕ್ಷಿಗೆ ಕರೆಸಿದರು. ಕುರಿ ಬಂದಿದ್ದವು, ರೋಗ ಬಂದು ಸತ್ತವು ಎಂದು ಎಲ್ಲರೂ ಹೇಳಬೇಕು. ಮೂವತ್ತೊಂಬತ್ತು ಮಂದಿ ಹಾಗೆಯೇ ಹೇಳಿದರು. ಕುರಿಗಳು ಯಾವ ಯಾವ ರೋಗದಿಂದ ಸತ್ತವು ಎಂಬುದರಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆಯಾಯಿತು. ಕೊನೆಗೆ ಅಮಸಿದ್ದಪ್ಪನ ಸರದಿ. ಹೆಂಡತಿಯ ತಮ್ಮ ಕಲಿಸಿದ್ದನ್ನು ಅವನೂ ನಾಚಿಕೆಯಿಲ್ಲದೆ ಹೇಳಿದ. ಹತ್ತು ಕುರಿ ಮುಟ್ಟಿವೆ, ಸುಳ್ಳಲ್ಲ ಎಂದ. ಮನೆಯ ಮನುಷ್ಯನಿಗೋಸ್ಕರ ಕೋರ್ಟಿನಲ್ಲಿ ಒಂದು ಸುಳ್ಳು ಹೇಳುವುದು ಅವನಿಗೆ ದೊಡ್ಡ ಸಂಗತಿಯೇ ಅಲ್ಲ.

ಆಗ ಸರಕಾರಿ ವಕೀಲರು ಅವನ ಕೈಗೆ ಫೋಟೊಗಳ ಫೈಲು ಕೊಟ್ಟರು. ಮೊದಲ ಹಾಳೆ ತೋರಿಸಿ, ಇವು ನಿಮ್ಮ ಕುರಿಗಳೇ ಎಂದು ಕೇಳಿದರು. ಹೌದ್ರಿ, ನನ್ನವೇ ಎಂದ. ಹಾಳೆ ತಿರುವಿ, ಇದು ಯಮನೂರ ಎಂಬವರದು ಎಂದರು. ಅಮಸಿದ್ದಪ್ಪ ಬಗ್ಗಿ ನೋಡಿದ. ನೋಡಿದವನ ಮುಖ ಕೆಂಪಾಯಿತು.

"ಇಲ್ಲರಿ. ಇವೂ ನನ್ನವ ಅದಾವ. ಇದರ ಎಡಗಿವಿ ಹರದೈತಿ ನೋಡ್ರಿ. ಇದರ ಕಣ್ಣಿನ ಬುಡಕ ಕಂದು ಮಚ್ಚಿ ಐತಿ. ನನ್ನ ಕುರಿ ಅವನ ಮುಂದ ಯಾಕ ನಿಂತಾವ್ರಿ?"

ಮೂರನೆಯ ಹಾಳೆ, ನಾಲ್ಕನೆಯ ಹಾಳೆ. ಎಲ್ಲದರಲ್ಲೂ ಅದೇ ಹರಿದ ಕಿವಿ, ಅದೇ ಮಚ್ಚೆ, ಒಂದು ಕೊಂಬು ಮುರಿದ ಅದೇ ಟಗರು. ತಾನು ಈಗಷ್ಟೇ ಹೇಳಿದ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ ಅಮಸಿದ್ದಪ್ಪನಿಗೆ ತನ್ನ ಕುರಿಗಳನ್ನು ಊರ ಮಂದಿಯೆಲ್ಲ ಕದ್ದ ಹಾಗೆ ಸಂಕಟವಾಯಿತು. ಸಾಹೇಬರ ವಕೀಲರು ಎದ್ದು ನಿಂತು ಸಾಕು, ಸಾಕು ಎಂದು ಸನ್ನೆ ಮಾಡಿದರೂ ಅವನು ಬಿಡಲಿಲ್ಲ. ನಲವತ್ತನೆಯ ಹಾಳೆಯವರೆಗೆ ತಾನೇ ಹೋದ. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು, ಫೈಲನ್ನು ಹತ್ತಿರಕ್ಕೆ ತರಿಸಿಕೊಂಡು, ಅವನು ಬೆರಳಿಟ್ಟ ಕಡೆಯೆಲ್ಲ ನೋಡಿದರು. ಇಳಿಯುವಾಗ ಅಮಸಿದ್ದಪ್ಪ, ತನ್ನ ಹತ್ತು ಕುರಿ ತನಗೆ ಕೊಡಿಸಬೇಕು ಎಂದು ಕೈ ಮುಗಿದು ಕೇಳಿಕೊಂಡ.

ಸಾಹೇಬರಿಗೆ ಮೂರು ವರ್ಷ ಸಜೆಯಾಯಿತು.

ನಲವತ್ತಮೂರು ದಿನ ಒಳಗಿದ್ದು, ಮೇಲಿನ ಕೋರ್ಟಿಗೆ ಅಪೀಲು ಹಾಕಿ, ಜಾಮೀನಿನ ಮೇಲೆ ಹೊರಗೆ ಬಂದರು. ಬಂದ ದಿನ ಇಳಕಲ್ಲಿನಲ್ಲಿ ಡೊಳ್ಳು ಬಾರಿಸಿದರು, ಕ್ರೇನಿನಿಂದ ಹಾರ ಹಾಕಿದರು. ಸ್ವಾತಂತ್ರ್ಯ ಹೋರಾಟಕ್ಕೆ ಹೋಗಿ ಬಂದವರ ಹಾಗೆ ಸಾಹೇಬರು ಜೀಪಿನ ಮೇಲೆ ನಿಂತು ಎರಡೂ ಕೈ ಎತ್ತಿದರು. ನಾಚಿಕೆಪಡಬೇಕಾದವರೇ ಮೆರವಣಿಗೆ ಮಾಡಿಸಿಕೊಂಡರೆ ಉಳಿದವರು ಪಕ್ಕಕ್ಕೆ ಸರಿದು ದಾರಿ ಬಿಡಬೇಕಷ್ಟೆ, ಬಿಟ್ಟರು. ಜೈಲು ಸಾಹೇಬರಿಗೆ ಏನೂ ಮಾಡಲಿಲ್ಲ. ಒಂದೆರಡು ಕಿಲೊ ತೂಕ ಇಳಿದು ಆರೋಗ್ಯ ಸುಧಾರಿಸಿತ್ತು.

ಮಾಡಿದ್ದು ಪಿಂಚಣಿ. ಆ ವರ್ಷ ಹೊಸ ಕಾಯ್ದೆ ಬಂತು. ಅಪರಾಧದಲ್ಲಿ ಶಿಕ್ಷೆಯಾದ ಶಾಸಕರಿಗೂ ಮಾಜಿ ಶಾಸಕರಿಗೂ ಪಿಂಚಣಿ ಇಲ್ಲ ಎಂಬ ಕಾಯ್ದೆ. ಅದಕ್ಕೆ ಕೈ ಎತ್ತಿದವರೆಲ್ಲ ತಾವು ಮಾತ್ರ ಎಂದೂ ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯದಿಂದಲೇ ಎತ್ತಿರಬೇಕು. ನಿಮ್ಮ ಪಿಂಚಣಿಯನ್ನು ಯಾಕೆ ನಿಲ್ಲಿಸಬಾರದು, ಮೂವತ್ತು ದಿನದೊಳಗೆ ಕಾರಣ ತಿಳಿಸಿ ಎಂದು ಸಾಹೇಬರ ಮನೆಗೆ ನೋಟಿಸು ಬಂತು. ಸಾಹೇಬರಿಗೆ ಕೆಂಪು ಗ್ರಾನೈಟಿನ ಕ್ವಾರಿ ಇದೆ, ಪೆಟ್ರೋಲ್ ಬಂಕು ಇದೆ. ಪಿಂಚಣಿಯ ದುಡ್ಡು ಅವರ ನಾಲ್ಕು ನಾಯಿಗಳ ಊಟಕ್ಕೂ ಸಾಲದು. ಆದರೂ ನೋಟಿಸು ಓದಿದ ದಿನ ಅವರು ಊಟ ಮಾಡಲಿಲ್ಲ. ಗೇಟಿನ ಕಲ್ಲಿನ ಮೇಲೆ ಕೊರೆಸಿದ್ದ "ಮಾಜಿ ಶಾಸಕರು" ಎಂಬ ಅಕ್ಷರದ ಮುಂದೆ ಬಹಳ ಹೊತ್ತು ನಿಂತಿದ್ದರು ಎಂದು ಅಮರೇಶ ಅಕ್ಕನ ಮುಂದೆ ಹೇಳಿ ಕಣ್ಣೊರೆಸಿಕೊಂಡ. ಪಿಂಚಣಿ ಹೋದರೆ ರೈಲು-ಬಸ್ಸಿನ ಪಾಸು ಹೋಗುತ್ತದೆ, ಪಾಸು ಹೋದರೆ ಗುರುತಿನ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ "ಮಾಜಿ"ಯೂ ಹೋಗುತ್ತದೆ ಎಂಬುದು ಸಾಹೇಬರ ಲೆಕ್ಕ. ಕಾಯ್ದೆಯಲ್ಲಿ ಹಾಗೇನೂ ಇಲ್ಲ, ಮಾಜಿ ಆದವರನ್ನು ಮತ್ತೆ ಮಾಜಿ ಮಾಡಲು ಬರುವುದಿಲ್ಲ ಎಂದು ವಕೀಲರು ತಿಳಿಸಿ ಹೇಳಿದರು. ಪಿಂಚಣಿ ಇಲ್ಲದ ಮಾಜಿ ಎಂಥ ಮಾಜಿ ಎಂದು ಸಾಹೇಬರು ಕೇಳಿದರು. ವಕೀಲರಿಗೆ ಉತ್ತರ ಹೊಳೆಯಲಿಲ್ಲ.

ಉಪಾಯ ಮಾತ್ರ ಹೊಳೆಯಿತು. ಮುಖ್ಯ ಸಾಕ್ಷಿ ತಾನು ತಪ್ಪಾಗಿ ಗುರುತಿಸಿದೆ ಎಂದು ಬರೆದುಕೊಟ್ಟರೆ ಅಪೀಲಿನಲ್ಲಿ ಹಿಡಿತ ಸಿಗುತ್ತದೆ, ನೋಟಿಸಿನ ಉತ್ತರಕ್ಕೂ ಅದನ್ನೇ ಲಗತ್ತಿಸಬಹುದು. ಸಾಕ್ಷಿ ಬಿದ್ದರೆ ಶಿಕ್ಷೆ ಬೀಳುತ್ತದೆ, ಶಿಕ್ಷೆ ಬಿದ್ದರೆ ಪಿಂಚಣಿ ಏಳುತ್ತದೆ. ಅಮರೇಶ ಬೆಳಿಗ್ಗೆ ಬಂದು ಅಂಗಳದಲ್ಲಿ ಕೂಗಾಡಿದ್ದು ಇದಕ್ಕೇ. ಮೂವತ್ತು ದಿನದಲ್ಲಿ ಹನ್ನೊಂದು ದಿನ ಆಗಲೇ ಕಳೆದಿದ್ದವು.

ಹನಮವ್ವ ಇಬ್ಬರಿಗೂ ಚಹಾ ಕೊಟ್ಟ ಮೇಲೆ ಅಮಸಿದ್ದಪ್ಪನ ಸಿಟ್ಟು ಸ್ವಲ್ಪ ಇಳಿಯಿತು. ಅವನು ಮೊದಲೇ ಹೇಳಿಬಿಟ್ಟ. ತಾನು ಸುಳ್ಳು ಹೇಳಿದೆ ಎಂದು ಬರೆಯಿರಿ, ಹೆಬ್ಬೆಟ್ಟು ಒತ್ತುತ್ತೇನೆ. ಕುಡಿದಿದ್ದೆ ಎಂದು ಬೇಕಾದರೂ ಬರೆಯಿರಿ. ಯಾರದೋ ರೊಕ್ಕ ತಿಂದು ಹಾಗೆ ಹೇಳಿದೆ ಎಂದರೂ ಅಡ್ಡಿಯಿಲ್ಲ, ತನಗೇನು ಇನ್ನು ಹೆಣ್ಣು ಕೊಡಲು ಬರುವವರಿಲ್ಲ. ಅಮರೇಶನಿಗೆ ಜೀವ ಬಂದಂತಾಯಿತು. ಅಲ್ಲಿಂದಲೇ ವಕೀಲರಿಗೆ ಫೋನು ಹಚ್ಚಿದ. ವಕೀಲರು ಬೈದರು. ಸುಳ್ಳು ಹೇಳಿದೆ ಎಂದು ಬರೆದುಕೊಟ್ಟರೆ ಸುಳ್ಳು ಸಾಕ್ಷಿಯ ಕೇಸಾಗುತ್ತದೆ, ಹೇಳಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ, ರೊಕ್ಕ ಕೊಟ್ಟವರು ಯಾರು ಎಂದು ಹುಡುಕುತ್ತಾರೆ. ಅದು ಬೇಡ. ತಿಳಿಯದೆ ಆದ ತಪ್ಪು ಎನ್ನಬೇಕು. ಕುರಿ ಗುರುತು ಹಿಡಿಯುವಾಗ ತಪ್ಪಾಯಿತು, ಅಷ್ಟೇ. ಅದಕ್ಕೆ ಯಾವ ಶಿಕ್ಷೆಯೂ ಇಲ್ಲ.

ಅಮಸಿದ್ದಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ.

"ಸುಳ್ಳು ಹೇಳಿದೆ ಅಂತ ಬರೀರಿ ಅಂದೆ. ಕುರಿ ಗುರ್ತು ತಪ್ಪಿದೆ ಅಂತ ಬರೀರಿ ಅನ್ನಲಿಲ್ಲ."

"ಎರಡೂ ಒಂದ ಅಲ್ಲೇನ ಮಾಮಾ?"

"ನಿನಗ ಒಂದ. ನೀ ಕುರಿ ಕಾದಿಲ್ಲ."

ಒಂದೇ ಅಲ್ಲ ಎಂಬುದು ಅಮೀನಗಡದ ಕುರಿ ಸಂತೆಗೆ ಹೋದವರಿಗೆ ಗೊತ್ತು. ಎರಡು ಹಿಂಡು ಬೆರೆತು ಜಗಳವಾದರೆ, ಕಳೆದ ಕುರಿ ಇನ್ನೊಬ್ಬನ ದೊಡ್ಡಿಯಲ್ಲಿ ಸಿಕ್ಕರೆ, ಕದ್ದ ಮರಿಯನ್ನು ಬಣ್ಣ ಹಚ್ಚಿ ಮಾರಲು ತಂದರೆ, ಸುತ್ತಲಿನ ಹದಿನೆಂಟು ಊರಿನವರು ಅಮಸಿದ್ದಪ್ಪನನ್ನು ಕರೆಯುತ್ತಾರೆ. ಅವನು ಕುರಿಯ ಮುಖ ನೋಡುತ್ತಾನೆ, ಕಿವಿ ಎತ್ತಿ ನೋಡುತ್ತಾನೆ, ಇದರ ತಾಯಿ ಇಂಥವನ ಹಟ್ಟಿಯದು ಎನ್ನುತ್ತಾನೆ. ಮುಗಿಯಿತು. ಅದಕ್ಕೆ ಕಾಗದವಿಲ್ಲ, ಸೀಲಿಲ್ಲ, ಅಪೀಲಿಲ್ಲ. ಮರೋಳದ ಇಬ್ಬರು ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಾಗಲೂ ಅವನ ಒಂದು ಮಾತಿಗೆ ಕೊಡಲಿ ಕೆಳಗಿಟ್ಟಿದ್ದರು. ಸರಕಾರದ ಬಾಂಡ್ ಪೇಪರಿನ ಮೇಲೆ ತಾನು ಕುರಿ ಗುರುತು ತಪ್ಪಿದೆ ಎಂದು ಒಮ್ಮೆ ಬರೆದುಕೊಟ್ಟರೆ, ಮೂವತ್ತು ವರ್ಷದಿಂದ ಹೇಳಿದ ನ್ಯಾಯವೆಲ್ಲ ಮರುದಿನವೇ ಅವನ ಬಾಗಿಲಿಗೆ ವಾಪಸು ಬರುತ್ತದೆ. ಆವತ್ತು ಸೋತವರೆಲ್ಲ ಕೊಡಲಿ ಹುಡುಕುತ್ತಾರೆ.

ಇದನ್ನೆಲ್ಲ ಅವನು ಅಮರೇಶನಿಗೆ ಬಿಡಿಸಿ ಹೇಳಿದ. ಅಮರೇಶ ಕೇಳಿ, ಹಾಗಾದರೆ ಗುರುತು ತಪ್ಪಿದ್ದು ನೀನಲ್ಲ, ನಿನ್ನ ಕಣ್ಣು ಎಂದು ಬರೆಸಿದರೆ ಹೇಗೆ ಎಂದ. ಅವನ ತಲೆ ಒಮ್ಮೊಮ್ಮೆ ಹೀಗೆ ಓಡುತ್ತದೆ.

ಅಮಸಿದ್ದಪ್ಪ ಅದಕ್ಕೂ ಒಪ್ಪುತ್ತಿರಲಿಲ್ಲ. ಆದರೆ ಬೇಸಿಗೆಯಿಂದ ಕಣ್ಣಲ್ಲಿ ನೀರು ಬರುತ್ತಿತ್ತು, ಪುಕ್ಕಟೆ ತೋರಿಸಿಕೊಂಡು ಬಾ ಎಂದು ಹನಮವ್ವ ದೂಡಿ ಕಳಿಸಿದಳು. ಅಮರೇಶ ಅವನನ್ನು ಸಾಹೇಬರ ಕಾರಿನಲ್ಲಿ ಬಾಗಲಕೋಟೆಯ ಒಂದು ಕಣ್ಣಿನ ದವಾಖಾನೆಗೆ ಕರೆದೊಯ್ದ. ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ ಓದಲು ಹೇಳಿದರು. ಅಮಸಿದ್ದಪ್ಪ ಒಂದನ್ನೂ ಓದಲಿಲ್ಲ. ದೊಡ್ಡ ಅಕ್ಷರ ತೋರಿಸಿದರು, ತನಗೆ ಗೊತ್ತಾಗುವುದಿಲ್ಲ ಎಂದ. ಅಮರೇಶ ಖುಷಿಯಿಂದ ಎದ್ದು ನಿಂತು, ಏನೂ ಕಾಣುವುದಿಲ್ಲ ಎಂದು ಸರ್ಟಿಫಿಕೇಟು ಬರೆದುಕೊಡಿ ಎಂದ. ಸಾಲಿ ಕಲ್ತಿದ್ದೀಯೇನಪ್ಪ ಎಂದು ಡಾಕ್ಟರು ಆಗ ಕೇಳಿದರು. ಇಲ್ಲವೆಂದ ಮೇಲೆ ಬೇರೆ ಹಲಗೆ ತಂದರು. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ನಾಲ್ಕೂ ದಿಕ್ಕಿಗೆ ತಿರುಗಿಕೊಂಡಿತ್ತು. ಹಲ್ಲು ಯಾವ ಕಡೆಗಿವೆ ಎಂದು ಕೈ ಮಾಡಿ ತೋರಿಸಬೇಕು. ಅಮಸಿದ್ದಪ್ಪ ಕೆಳಗಿನ ಸಾಲಿನವರೆಗೆ ಒಂದೂ ತಪ್ಪದೆ ತೋರಿಸಿದ. ಇಷ್ಟು ವಯಸ್ಸಿಗೆ ಇಂಥ ಕಣ್ಣು ನೋಡಿಲ್ಲ ಎಂದು ಡಾಕ್ಟರು ಹೊಗಳಿ, ನೀರು ಬರುವುದಕ್ಕೆ ಒಂದು ಔಷಧ ಬರೆದುಕೊಟ್ಟರು.  ವಾಪಸು ಬರುವಾಗ ಅಮರೇಶ ಅಮೀನಗಡದಲ್ಲಿ ಕಾರು ನಿಲ್ಲಿಸಿ, ತಾನೊಬ್ಬನೇ ಇಳಿದು ಹೋಗಿ ಕರದಂಟು ತಿಂದು ಬಂದ.

ಕೇಳುವುದರಿಂದ ಆಗದ ಕೆಲಸವನ್ನು ದೊಡ್ಡವರು ಬೇರೆ ರೀತಿ ಮಾಡಿಸುತ್ತಾರೆ. ಅಮಸಿದ್ದಪ್ಪನ ಮಗ ಆನಂದ ಸಾಹೇಬರ ಕ್ವಾರಿಯಲ್ಲಿ ಗಾಡಿ ಓಡಿಸುತ್ತಾನೆ. ಹೆಂಡತಿ ರಾಜಶ್ರೀ, ಎರಡು ವರ್ಷದ ಮಗಳು, ಇಳಕಲ್ಲಿನಲ್ಲಿ ಬಾಡಿಗೆ ಮನೆ. ಇಪ್ಪತ್ತೊಂದನೆಯ ದಿನ ಅವನಿಗೆ ಕೆಲಸ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಗಾಡಿ ರಿಪೇರಿಯಲ್ಲಿದೆ ಎಂದರು. ಗಾಡಿಯನ್ನು ಇನ್ನೊಬ್ಬ ಅವನ ಕಣ್ಣಮುಂದೆಯೇ ಓಡಿಸಿಕೊಂಡು ಹೋದ. ಮೂರನೆಯ ದಿನ ಆನಂದ ತಂದೆಗೆ ಫೋನು ಮಾಡಿ, ನಿನಗೆ ತಿಳಿದಂತೆ ಮಾಡಪ್ಪ ಎಂದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಇದ್ದದ್ದು ಬೇರೆ ಎಂದು ಅಮಸಿದ್ದಪ್ಪನಿಗೆ ತಿಳಿಯಿತು.

ಹನಮವ್ವ ಎರಡು ದಿನ ಗಂಡನ ಕೂಡ ಮಾತು ಬಿಟ್ಟಳು. ರೊಟ್ಟಿ ಬಡಿದಿಟ್ಟು ಹೊಲಕ್ಕೆ ಹೋಗಿಬಿಡುವಳು. ಕೊನೆಗೆ ಅವಳೇ ತಡೆಯಲಾರದೆ ಕೇಳಿದಳು.

"ಕುರಿ ದೊಡ್ಡವೇನು, ಮೊಮ್ಮಗಳು ದೊಡ್ಡಾಕೇನು?"

"ಮೊಮ್ಮಗಳು."

"ಮತ್ತ?"

 ಅವನು ಎದ್ದು ಹೋಗಿ ಹುಣಸೆಯ ಗಿಡದ ಬುಡದಲ್ಲಿ ಕುಳಿತಿದ್ದು ಬಂದು, ಬರುತ್ತೇನೆಂದು ಅಮರೇಶನಿಗೆ ತಿಳಿಸು ಎಂದ. ಹೇಳಿದವನು ಕೈಕಾಲು ತೊಳೆದುಕೊಂಡು ಉಣ್ಣದೆ ಮಲಗಿದ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ ಅಮರೇಶ ಅವನನ್ನು ಇಳಕಲ್ಲಿಗೆ ಕರೆದುಕೊಂಡು ಹೋದ. ಸಾಹೇಬರ ಮನೆಯಲ್ಲಿ ಗೇಟಿನಿಂದ ಮೆಟ್ಟಿಲವರೆಗೆ ಕೆಂಪು ಗ್ರಾನೈಟು. ಅದರ ಮೇಲೆ ಕಾಲಿಡಲು ಅಮಸಿದ್ದಪ್ಪ ಹಿಂಜರಿದು ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟ. ಹಾಲಿನಲ್ಲಿ ಸಾಹೇಬರು, ವಕೀಲರು, ನೋಟರಿ ಮೂವರೂ ಕಾದಿದ್ದರು. ನೋಟರಿಯ ಮುಂದೆ ಕೆಂಪು ಸೀಲು, ಶಾಯಿಯ ಪ್ಯಾಡು, ಟೈಪು ಮಾಡಿದ ಬಾಂಡ್ ಪೇಪರು. ಗೋಡೆಯ ತುಂಬ ಸಾಹೇಬರು ದೊಡ್ಡವರ ಕೂಡ ನಿಂತ ಫೋಟೊಗಳು. ಅಮಸಿದ್ದಪ್ಪ ಅಭ್ಯಾಸಬಲದಿಂದ ಎಲ್ಲ ಫೋಟೊಗಳನ್ನೂ ಒಂದು ಸುತ್ತು ನೋಡಿದ.

"ಬಾರಪ್ಪ ಹನಮಪ್ಪ, ಕೂಡು" ಎಂದರು ಸಾಹೇಬರು.

ಅಮರೇಶ ಬಗ್ಗಿ ಅವರ ಕಿವಿಯಲ್ಲಿ ಹೆಸರು ಹೇಳಿದ. ಸಾಹೇಬರು ಹೌದು ಹೌದು ಎಂದು ತಲೆ ಆಡಿಸಿದರು. ತಮ್ಮನ್ನು ಜೈಲಿಗೆ ಕಳಿಸಿದ ಮನುಷ್ಯನ ಹೆಸರಾದರೂ ನೆನಪಿರಬೇಕಿತ್ತು. ಇರಲಿಲ್ಲ.

ಸಾಹೇಬರು ಬೈಯಲಿಲ್ಲ. ಬೈದರೆ ಅಮಸಿದ್ದಪ್ಪನಿಗೆ ಸುಲಭವಾಗುತ್ತಿತ್ತು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮನಸ್ಸು ಬಿಚ್ಚಿ ಮಾತಾಡಿದರು. ಜೈಲಿಗೆ ಹೋಗಿದ್ದಕ್ಕೆ ಬೇಸರವಿಲ್ಲ, ದೊಡ್ಡ ದೊಡ್ಡವರೆಲ್ಲ ಹೋಗಿ ಬಂದಿದ್ದಾರೆ. ದುಡ್ಡಿನ ಮಾತೂ ಅಲ್ಲ. ಆದರೆ ತಿಂಗಳು ತಿಂಗಳು ಬ್ಯಾಂಕಿಗೆ ಆ ಪಿಂಚಣಿ ಬಿದ್ದು ಫೋನಿಗೆ ಮೆಸೇಜು ಬಂದಾಗ, ತಾನು ಐದು ವರ್ಷ ಈ ಕ್ಷೇತ್ರಕ್ಕೆ ದುಡಿದಿದ್ದೇನೆ ಎಂದು ಸರಕಾರವೇ ಹೇಳಿದ ಹಾಗಾಗುತ್ತಿತ್ತು. ಇನ್ನು ಅದೂ ಇಲ್ಲವಾಗುತ್ತದೆ. ನಾಳೆ ಸತ್ತರೆ ಪೇಪರಿನಲ್ಲಿ ಏನೆಂದು ಹಾಕುತ್ತಾರೆ? ಕ್ವಾರಿ ಮಾಲೀಕ ಎಂದೇ? ಹೇಳುತ್ತ ಹೇಳುತ್ತ ಸಾಹೇಬರ ಕಣ್ಣು ನಿಜವಾಗಿಯೂ ತುಂಬಿದವು. ಅಮರೇಶ ಗೋಡೆಯ ಕಡೆಗೆ ತಿರುಗಿ ಮೂಗು ಒರೆಸಿಕೊಂಡ. ಅಮಸಿದ್ದಪ್ಪನಿಗೂ ಅಯ್ಯೋ ಅನ್ನಿಸಿತು. ತನ್ನ ಹೆಸರು ಹೋದೀತೆಂದು ಹೆದರಿ ಒಂಬತ್ತು ದಿನ ಸರಿಯಾಗಿ ಉಣ್ಣದವನಿಗೆ, ಹಾಗೆಯೇ ಹೆದರಿದ ಇನ್ನೊಬ್ಬನ ಸಂಕಟ ತಿಳಿಯದೆ ಇರುತ್ತದೆಯೇ?

"ಆಗ್ಲಿ ಸಾಹೇಬ್ರ. ಒತ್ತತೇನಿ. ನನ್ನ ಮಗನ ಕೆಲಸ ಅವಗ ಕೊಡ್ರಿ" ಎಂದ.

ಕೆಲಸ ಎಲ್ಲಿ ಹೋಗಿದೆ, ನಾಳೆಯಿಂದಲೇ ಬರಲಿ ಎಂದರು ಸಾಹೇಬರು. ನೋಟರಿ ಪ್ಯಾಡಿನ ಮುಚ್ಚಳ ತೆಗೆದರು. ಅಮಸಿದ್ದಪ್ಪನ ಎಡಗೈಯ ಹೆಬ್ಬೆಟ್ಟನ್ನು ಹಿಡಿದು ಶಾಯಿಗೆ ಒತ್ತಿದರು. ಬೆರಳು ನೀಲಿಯಾಯಿತು.

ಆದರೆ ನೋಟರಿ ಕಟ್ಟುನಿಟ್ಟಿನ ಮನುಷ್ಯ. ಓದಲು ಬಾರದವರಿಗೆ ಬರೆದದ್ದನ್ನು ಓದಿ ಹೇಳಿಯೇ ಒತ್ತಿಸಿಕೊಳ್ಳಬೇಕು ಎಂದರು. ವಕೀಲರಿಗೆ ಬೇಸರವಾಯಿತು. ಬೇಗ ಬೇಗ ಓದತೊಡಗಿದರು. ನಾನು, ಇಂಥ ಊರಿನ ಇಂಥವನು, ಪ್ರಮಾಣ ಮಾಡಿ ತಿಳಿಸುವುದೇನೆಂದರೆ, ಸದರಿ ಕೋರ್ಟಿನಲ್ಲಿ ಫೋಟೊಗಳಲ್ಲಿನ ಕುರಿಗಳನ್ನು ಗುರುತಿಸುವಾಗ ನನ್ನಿಂದ ತಪ್ಪಾಗಿರುತ್ತದೆ. ಅಮಸಿದ್ದಪ್ಪ ಹಲ್ಲು ಕಚ್ಚಿಕೊಂಡು ಕೇಳಿದ. ಅದನ್ನು ನುಂಗಲು ಅವನು ಸಿದ್ಧನಾಗಿಯೇ ಬಂದಿದ್ದ. ವಕೀಲರು ಉಸಿರೆಳೆದುಕೊಂಡು ಮುಂದಿನ ಸಾಲು ಓದಿದರು. ಎಲ್ಲ ಕುರಿಗಳೂ ನೋಡಲು ಒಂದೇ ತರಹ ಇರುವುದರಿಂದ ಸದರಿ ತಪ್ಪು ಸಹಜವಾಗಿರುತ್ತದೆ.

"ಏನಂದ್ರಿ?"

ವಕೀಲರು ಮತ್ತೊಮ್ಮೆ ಓದಿದರು.

"ಕುರಿ ಎಲ್ಲಾ ಒಂದ ಥರಾ ಇರ್ತಾವಂತ ಯಾರು ಹೇಳಿದ್ರು ನಿಮಗ?"

ಯಾರೂ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುವುದೇ ಎಂದರು ವಕೀಲರು. ಕೋರ್ಟಿಗೆ ಒಂದು ಕಾರಣ ಬೇಕು, ಅದಕ್ಕೆ ಹಾಕಿದ್ದು. ಅಮಸಿದ್ದಪ್ಪ ನೀಲಿ ಹೆಬ್ಬೆಟ್ಟನ್ನು ಹಾಗೆಯೇ ಮೇಲೆತ್ತಿ ಹಿಡಿದುಕೊಂಡು ಸಾಹೇಬರ ಕಡೆಗೆ ತಿರುಗಿದ. ಆ ಒಂದು ಸಾಲು ತೆಗೆಸಿರಿ, ಉಳಿದದ್ದಕ್ಕೆಲ್ಲ ಒತ್ತುತ್ತೇನೆ ಎಂದ. ತನ್ನ ಗುರುತು ತಪ್ಪಿತು ಎಂದರೆ ತಪ್ಪು ತನ್ನದೊಬ್ಬನದು. ಕುರಿಗಳೆಲ್ಲ ಒಂದೇ ತರಹ ಎಂದರೆ ಹಿಂದಿನವರು ಕಾದದ್ದು, ತನಗೆ ಅವರು ಕಲಿಸಿದ್ದು, ಎಲ್ಲವೂ ಸುಳ್ಳಾಗುತ್ತದೆ. ಸಾಹೇಬರ ತಂದೆ ಅಮಾತೆಪ್ಪನನ್ನು ತಾನು ಸಣ್ಣವನಿದ್ದಾಗ ನೋಡಿದ್ದುಂಟು. ನೂರಾ ಇಪ್ಪತ್ತು ಕುರಿ, ಒಂದೊಂದಕ್ಕೂ ಒಂದು ಹೆಸರು. ಕತ್ತಲಲ್ಲಿ ಬೆನ್ನು ಮುಟ್ಟಿ ಯಾವುದು ಯಾವುದೆಂದು ಹೇಳುತ್ತಿದ್ದ. ತಾನು ಕುರಿಗಾರನ ಮಗ ಎಂದು ಸಾಹೇಬರು ಪ್ರತಿ ಎಲೆಕ್ಷನ್ನಿನಲ್ಲೂ ಕಂಬಳಿ ಹೊದ್ದುಕೊಂಡು ಭಾಷಣ ಮಾಡಿದ್ದಾರೆ. ಅವರೇ ಹೇಳಲಿ.

ಸಾಹೇಬರು ವಕೀಲರ ಮುಖ ನೋಡಿದರು. ಆ ಸಾಲು ತೆಗೆದರೆ ಕಾಗದಕ್ಕೆ ಬಲವಿಲ್ಲ, ಹೊಸದಾಗಿ ಟೈಪು ಮಾಡಿಸಲು ಹೊತ್ತೂ ಇಲ್ಲ ಎಂದರು ವಕೀಲರು. ನಾಳೆಯೇ ಕೊನೆಯ ದಿನ, ಕಾಗದ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕು.

ಸಾಹೇಬರು ಅಮಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಒತ್ತಿಬಿಡಪ್ಪ ಹನಮಪ್ಪ. ಕುರಿ ಎಲ್ಲಾ ಒಂದ ಥರಾ ಇರ್ತಾವ. ಇದ್ರಾಗ ಸುಳ್ಳರ ಏನೈತಿ?"

ಈ ಸಲ ಅಮರೇಶ ಕಿವಿಯಲ್ಲಿ ಏನೂ ಹೇಳಲಿಲ್ಲ. ನೆಲ ನೋಡುತ್ತ ನಿಂತ.

ಅಮಸಿದ್ದಪ್ಪ ಸಾಹೇಬರ ಕೈಯನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿದ. ಹೆಬ್ಬೆಟ್ಟನ್ನು ಧೋತರದ ಚುಂಗಿಗೆ ಎರಡು ಸಲ ಉಜ್ಜಿದ. ಪೂರ್ತಿ ಹೋಗಲಿಲ್ಲ.

"ಆನಂದಗ ನಾನ ಹೇಳ್ತೇನಿ, ಬ್ಯಾರೆ ಕೆಲಸ ನೋಡಪಾ ಅಂತ" ಎಂದ. ಹೇಳಿ ಎದ್ದ. "ಹೋಗ್ತೇನ್ರಿ."

ಆಗಷ್ಟೇ ಸಾಹೇಬರ ಹೆಂಡತಿ ಕಸ್ತೂರಿಬಾಯಿ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. ಅವನು ಅವರಿಗೆ ಕೈ ಮುಗಿದು, ಪಕ್ಕಕ್ಕೆ ಸರಿದು, ಗ್ರಾನೈಟಿನ ಮೇಲೆ ಬರಿಗಾಲಲ್ಲಿ ನಡೆದು ಗೇಟು ದಾಟಿದ. ಸಿಟ್ಟು ಮೂಗಿನ ಮೇಲಿದೆ, ಮುಖಕ್ಕೆ ನೀರು ಹಾಕಿಕೊಂಡು ಬರಲಿ ಬಿಡಿ ಎಂದರು ಸಾಹೇಬರು. ವಕೀಲರು ಚಹಾ ತೆಗೆದುಕೊಂಡರು. ಶಾಯಿ ಒಣಗೀತೆಂದು ನೋಟರಿ ಪ್ಯಾಡಿನ ಮೇಲೆ ಮುಚ್ಚಳವನ್ನು ಸುಮ್ಮನೆ ಇಟ್ಟುಕೊಂಡರು.

"ಅವ್ರು ಬರಾಂಗಿಲ್ಲರಿ" ಎಂದರು ಕಸ್ತೂರಿಬಾಯಿ. "ಯಾರರ ಮನಿ ಬಿಟ್ಟು ಹೋಗುವಾಗ ಬರ್ತೇನಿ ಅಂತಾರ. ಅವ್ರು ಹೋಗ್ತೇನಿ ಅಂದ್ರು."

ಬಾಯಿಗೆ ಬಂದದ್ದು ಅಂದಿರುತ್ತಾನೆ, ಅದಕ್ಕೇನು ಅರ್ಥ ಎಂದು ಸಾಹೇಬರು ಹೆಂಡತಿಯ ಮೇಲೆ ರೇಗಿದರು. ಅಮರೇಶನನ್ನು ಬಸ್ ಸ್ಟ್ಯಾಂಡಿಗೆ ಓಡಿಸಿದರು. ಅಮರೇಶ ಹೋದವನು ಒಂದು ತಾಸು ಬಿಟ್ಟು ಒಬ್ಬನೇ ಬಂದ. ಅಮೀನಗಡದ ಬಸ್ಸು ಹೋಗಿ ಬಹಳ ಹೊತ್ತಾಯಿತಂತೆ ಎಂದ. ಇನ್ನೂ ಸ್ವಲ್ಪ ನೋಡೋಣ, ಮಗನ ಕೆಲಸ ನಮ್ಮ ಕೈಯಲ್ಲಿದೆಯಲ್ಲ, ಬರುತ್ತಾನೆ ಎಂದರು ಸಾಹೇಬರು. ಎಲ್ಲರೂ ಗೇಟಿನ ಕಡೆ ನೋಡುತ್ತ ಕುಳಿತರು. ಐದೂವರೆಗೆ ನೋಟರಿ ಎದ್ದು ಸೀಲನ್ನೂ ಪ್ಯಾಡನ್ನೂ ಚೀಲಕ್ಕೆ ಹಾಕಿಕೊಂಡರು. ಅಮಸಿದ್ದಪ್ಪ ಬರಲಿಲ್ಲ.